ಕೊಡವದ ಚಾಪೆ

ನನ್ನನ್ನು ಬಿಸಿಲು ಕದ್ದವಳು ಎಂದು ಊರಿನಲ್ಲಿ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಬೆನ್ನ ಹಿಂದೆ ಯಾಕೆ, ಎದುರಿಗೇ ಹೇಳಲಿ, ನಾನೇನು ಇಲ್ಲ ಅನ್ನುವುದಿಲ್ಲ. ಕದ್ದೆ. ಹನ್ನೆರಡು ದಿನ ಕದ್ದೆ, ಕದ್ದು ಅವರೆ ಗಿಡಕ್ಕೆ ಹಾಕಿದೆ. ಇದನ್ನು ಬೇರೆಯವರ ಬಾಯಲ್ಲಿ ಉಪ್ಪು ಖಾರ ಹಚ್ಚಿಸಿಕೊಂಡು ಕೇಳುವುದಕ್ಕಿಂತ ನನ್ನ ಬಾಯಲ್ಲೇ ಕೇಳುವುದು ವಾಸಿ.

ನಮ್ಮೂರಿನಲ್ಲಿ ಮಾಗಿ ಶುರುವಾದರೆ ಬಿಸಿಲು ದಿನಕ್ಕೊಂದು ಬೀದಿಗೆ ಬರುತ್ತದೆ. ಇರುವುದು ಹನ್ನೊಂದು ಬೀದಿ. ಇವತ್ತು ಕಂಚುಗಾರರ ಬೀದಿಗೆ ಬಂದರೆ ನಾಳೆ ಗಾಣದ ಬೀದಿ, ನಾಡಿದ್ದು ಹೂವಿನ ಬೀದಿ. ಮಿಕ್ಕ ಬೀದಿಗಳಲ್ಲಿ ಆ ದಿನವೆಲ್ಲ ಮಂಜು, ಹಲ್ಲು ಕಟಕಟ. ಸಂಜೆ ಮರಿಸ್ವಾಮಣ್ಣ ತಮಟೆ ಹಿಡಿದು ಊರು ಸುತ್ತಿ, ನಾಳೆ ಸರದಿ ಯಾರದು ಎಂದು ಸಾರುತ್ತಾನೆ. ಬೆಳಿಗ್ಗೆ ಊರಿಗೆ ಊರೇ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಬೀದಿಗೆ ಹೊರಡುತ್ತದೆ. ಸರದಿ ಬಂದ ಬೀದಿಯವರು ಯಾರಿಗೂ ಇಲ್ಲ ಅನ್ನುವಂತಿಲ್ಲ. ಜಗುಲಿ, ಅಂಗಳ, ಮೆಟ್ಟಿಲು ಎಲ್ಲವನ್ನೂ ಬಿಟ್ಟುಕೊಡಬೇಕು. ತಲೆಗೊಂದು ಚಾಪೆ, ಚಾಪೆಯಗಲ ಬಿಸಿಲು. ಕೋರ್ಟಿನಲ್ಲಿ ವ್ಯಾಜ್ಯ ನಡೆಸುತ್ತಿರುವ ಅಣ್ಣತಮ್ಮಂದಿರು ಅಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತಾರೆ. ಏಳುವಾಗ ಮಾತ್ರ ಒಂದು ಕಟ್ಟಳೆ ಉಂಟು. ಚಾಪೆಯನ್ನು ಅಲ್ಲೇ ಮೂರು ಸಲ ಕೊಡವಿ ಆಮೇಲೆ ಸುತ್ತಿಕೊಳ್ಳಬೇಕು. ಅವರ ಬೀದಿಯ ಬಿಸಿಲು ಅವರ ಬೀದಿಯಲ್ಲೇ ಉದುರಬೇಕು. ನಮ್ಮಲ್ಲಿ ಮಕ್ಕಳಿಗೆ ದೇವರಿಗೆ ಕೈ ಮುಗಿಯುವುದನ್ನು ಕಲಿಸುವ ಮೊದಲು ಚಾಪೆ ಕೊಡವುವುದನ್ನು ಕಲಿಸುತ್ತಾರೆ.

ನಾವಿರುವುದು ಬೀದಿಯಲ್ಲಲ್ಲ, ಓಣಿಯಲ್ಲಿ. ಹಳೇ ಅಕ್ಕಿ ಗಿರಣಿಯ ಗೋಡೆಗೆ ಅಂಟಿಕೊಂಡ ಏಳು ಮನೆ. ಓಣಿಗೆ ಸರದಿ ಇಲ್ಲ. ಮಾಗಿಯುದ್ದಕ್ಕೂ ನಾವು ಯಾರದೋ ಜಗುಲಿಯ ಮೇಲೆ ನೆಂಟರ ಹಾಗೆ ಕೂರಬೇಕು, ಒಂದು ದಿನವೂ ಮನೆಯವರಾಗುವಂತಿಲ್ಲ. "ಓಣಿಯವರು ಬಂದ್ರು, ಸರ್ಕೊಳ್ಳಿ" ಅಂತ ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಜಾಗ ಕೊಡುತ್ತಾರಲ್ಲ. ಆದರೂ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ನನ್ನನ್ನು ಮೂವತ್ತು ವರ್ಷ ಕಾಡಿದೆ. ಇನ್ನು ಮೂವತ್ತು ವರ್ಷ ಕಾಡಿದ್ದರೂ ನಾನು ಸುಮ್ಮನೆ ಇರುತ್ತಿದ್ದೆನೇನೋ. ಹೊನ್ನಮ್ಮನಿಗಾಗಿ ಸುಮ್ಮನಿರಲು ಆಗಲಿಲ್ಲ.

ಹೊನ್ನಮ್ಮ ನನ್ನ ಗಂಡನ ತಂಗಿ. ಮದುವೆಯಾದ ವರ್ಷಕ್ಕೇ ಗಂಡನ ಮನೆಯ ಊಟ ಸಪ್ಪೆ ಎಂದು ವಾಪಸ್ಸು ಬಂದವಳು. ನನ್ನ ಗಂಡ ಹೋಗಿ ಒಂಬತ್ತು ವರ್ಷವಾಯಿತು. ಈಗ ಮನೆಯಲ್ಲಿ ಅತ್ತಿಗೆ ನಾದಿನಿ ನಾವಿಬ್ಬರೇ. ಬೆಳಗಿನ ಕಾಫಿಗೆ ಬೆಲ್ಲ ಜಾಸ್ತಿಯಾಯಿತೋ ಕಮ್ಮಿಯಾಯಿತೋ ಎಂಬಲ್ಲಿಂದ ನಮ್ಮ ಜಗಳ ಶುರುವಾಗುತ್ತದೆ. ಮುತ್ತುಗದ ಎಲೆ ಕಡ್ಡಿಯಿಂದ ಚುಚ್ಚಿ ಊಟದೆಲೆ ಹಚ್ಚುವುದರಲ್ಲಿ ಅವಳ ಕೈ ಓಡಿದ ಹಾಗೆ ಊರಿನಲ್ಲಿ ಯಾರ ಕೈಯೂ ಓಡುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ, ಕಂಚುಗಾರರ ಬೀದಿಯ ಸರದಿಯ ದಿನ, ಸಿದ್ದಗಂಗಕ್ಕನ ಜಗುಲಿಯ ಮೇಲೆ ಬೆಳಿಗ್ಗೆಯಿಂದ ಕಡಲೆಕಾಯಿ ತಿನ್ನುತ್ತ ಕೂತಿದ್ದವಳು, ಮಧ್ಯಾಹ್ನ ಏಳಲು ಹೋದರೆ ಮಂಡಿ ಹಿಡಿದುಕೊಂಡು ಅಲ್ಲೇ ಬಿದ್ದಳು. ನಾಲ್ಕು ಜನ ಮಂಚದ ಮೇಲೆ ಹೊತ್ತು ತಂದರು. ಯಾರೋ ಅವಳ ಚಾಪೆಯನ್ನೂ ಸುತ್ತಿ ತಂದು ಪಕ್ಕದಲ್ಲಿಟ್ಟರು. ಅದನ್ನು ಅಟ್ಟಕ್ಕೆ ಹಾಕು ಎಂದಳು, ಹಾಕಿದೆ.

ಅಂದಿನಿಂದ ಬೇಸಿಗೆಯಲ್ಲಿ ಕೋಲು ಹಿಡಿದು ಓಣಿಯೊಳಗೆ ಓಡಾಡುತ್ತಾಳೆ. ಮಾಗಿ ಬಂದರೆ ಮಂಡಿ, ಬೆರಳು ಎಲ್ಲ ಬಿಗಿದುಕೊಂಡು ಶಿವರಾತ್ರಿಯವರೆಗೂ ಒಳಮನೆಯ ಅಗ್ಗಿಷ್ಟಿಕೆಯ ಮುಂದೆಯೇ ಇರುತ್ತಾಳೆ. ಹೊತ್ತುಕೊಂಡು ಹೋಗುತ್ತೇವೆ ಎಂದು ಓಣಿಯ ಗಂಡಸರು ಎಷ್ಟೋ ಸಲ ಕೇಳಿದರು. "ಮಂಚದ ಮೇಲೆ ಹೊತ್ಕಂಡು ಹೋಗೋದು ಇನ್ನೊಂದೇ ಸಲ, ಅದಕ್ಕೆ ನಾನೇ ಹೇಳಿಕಳಿಸ್ತೀನಿ. ಬಿಸಿಲು ಬೇಕಾದ್ರೆ ಅದೇ ಓಣಿಗೆ ಬರ್ಲಿ" ಎಂದಳು. ಅವಳು ಬಿದ್ದ ಜಾಗಕ್ಕೂ ಏನೋ ಆಗಿತ್ತು. ಸಿದ್ದಗಂಗಕ್ಕನ ಜಗುಲಿಯಲ್ಲಿ ಆ ಮೂಲೆ ಮಾತ್ರ ಸರದಿಯ ದಿನವೂ ತಣ್ಣಗೆ ಇರುತ್ತಿತ್ತು. ಬೆಕ್ಕು ಕೂಡ ಅಲ್ಲಿ ಮಲಗುತ್ತಿರಲಿಲ್ಲ. ಹೊನ್ನಮ್ಮ ಬಿದ್ದ ಜಾಗ ಎಂದು ಎಲ್ಲರೂ ಅದನ್ನು ಖಾಲಿ ಬಿಡುತ್ತಿದ್ದರು.

ಕಳೆದ ವರ್ಷ ಶಿವರಾತ್ರಿ ಕಳೆದರೂ ಅವಳ ಬೆರಳು ಬಿಚ್ಚಲಿಲ್ಲ. ಯುಗಾದಿಯ ಹೋಳಿಗೆಯನ್ನು ನಾನೇ ತಿನ್ನಿಸಿದೆ. ತುತ್ತು ತುತ್ತಿಗೂ ನನ್ನನ್ನು ಬೈಯುತ್ತ ತಿಂದಳು, ಆದರೆ ಕಣ್ಣು ನನ್ನ ಕಡೆ ಎತ್ತಲಿಲ್ಲ. ಇನ್ನೊಂದು ಮಾಗಿಯನ್ನು ಬಿಸಿಲಿಲ್ಲದೆ ಕಳೆದರೆ ಈ ಕೈ ಪೂರ್ತಿ ಹೋಗುತ್ತದೆ ಎಂದು ನನಗೆ ಗೊತ್ತಾಯಿತು. ಅವಳಿಗೂ ಗೊತ್ತಿತ್ತು.

ಮಳೆಗಾಲ ಮುಗಿಯುತ್ತಲೇ ನಾನು ಮರಿಸ್ವಾಮಣ್ಣನ ಮನೆಗೆ ಹೋಗಿ, ನಮ್ಮ ಓಣಿಗೂ ಒಂದು ಸರದಿ ಕೊಡಿ ಎಂದು ಕೇಳಿದೆ. ಅವನು ತಮಟೆಯ ಚರ್ಮಕ್ಕೆ ಎಣ್ಣೆ ಸವರುತ್ತ ಕೂತಿದ್ದ.

"ಕಟ್ಟಳೆ ನಿಂಗೆ ಗೊತ್ತಿಲ್ವಾ ತಾಯಮ್ಮ? ಸಂಕ್ರಾಂತಿ ದಿನ ನೆಲದಲ್ಲಿ ಬೇರು ಬಿಟ್ಟ ಗಿಡದಲ್ಲಿ ಹೂವು ಕಾಣ್ಸಿದ್ರೆ ಅದು ಬೀದಿ, ಮಾರನೇ ದಿನದಿಂದ ಅದಕ್ಕೂ ಸರದಿ. ಕಾಣ್ಸದಿದ್ರೆ ಓಣಿ."

"ಬಿಸಿಲೇ ಬೀಳದ ಕಡೆ ಹೂವು ಎಲ್ಲಿಂದ ತರಾನಣ್ಣ?"

"ಅದನ್ನ ನನ್ನ ಕೇಳಬ್ಯಾಡ. ನಾನು ತಮಟೆ ಹೊಡಿಯೋನು."

ಮನೆಗೆ ಬಂದು ಹೇಳಿದರೆ ಹೊನ್ನಮ್ಮ ನಕ್ಕಳು. "ಹುಚ್ಚು ಬಿಡೋಗಂಟ ಮದುವೆ ಆಗಲ್ಲ, ಮದುವೆ ಆಗೋಗಂಟ ಹುಚ್ಚು ಬಿಡಲ್ಲ ಅಂದಂಗಾಯ್ತು." ಆಮೇಲೆ, "ಅವರೆ ಹಾಕು ಅತ್ತಿಗೆ. ಚಳಿಗೆ ಹೆದರದೆ ಇರೋದು ಅದೊಂದೇ" ಎಂದಳು.

ಊರಿನವರೆಲ್ಲ ದೀಪಾವಳಿಗೆ ಮುಂಚೆಯೇ ಹಿತ್ತಲಿನ ಗಿಡಗಳನ್ನು ಕಿತ್ತು, ಮಡಿಗೆ ಹುಲ್ಲು ಹೊದಿಸಿ, ಶಿವರಾತ್ರಿಯವರೆಗೂ ಮರೆತುಬಿಡುತ್ತಾರೆ. ನಾನು ಓಣಿಯ ಕೊನೆಯಲ್ಲಿ, ಗಿರಣಿ ಗೋಡೆಯ ಬುಡದ ಕಲ್ಲು ಆರಿಸಿ, ಸಗಣಿ ಗೊಬ್ಬರ ಹಾಕಿ, ದಸರಾ ಕಳೆದ ಮಾರನೇ ದಿನ ಅವರೆ ಊರಿದೆ. ಬಿಸಿಲು ಎಲ್ಲ ಕಡೆ ಇನ್ನೂ ಇದ್ದ ಕಾಲ ಅದು. ಗಿಡ ಮಂಡಿಯುದ್ದ ಬಂತು. ಮಾಗಿ ಹಿಡಿಯಿತು ನೋಡಿ, ಅಲ್ಲಿಗೇ ನಿಂತಿತು. ಎಲೆ ಹಳದಿಯಾಯಿತು. ಅವರೆಗೆ ಇಬ್ಬನಿ ಬೇಕು, ಸೊಗಡು ಕಟ್ಟುವುದೇ ಅದರಿಂದ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಇಬ್ಬನಿಗೆ ಬರವಿಲ್ಲ, ಆದರೆ ಬರೀ ಇಬ್ಬನಿ ಕುಡಿದು ಯಾವ ಗಿಡ ಹೂ ಬಿಟ್ಟೀತು?

ಬೆಳಿಗ್ಗೆ ಎದ್ದ ತಕ್ಷಣ ಒಂದೊಂದೇ ಗಿಡದ ಎಲೆ ಅಲುಗಿಸಿ ಇಬ್ಬನಿ ಇಳಿಸುತ್ತಿದ್ದೆ. ನೀರನ್ನು ಉಗುರುಬೆಚ್ಚಗೆ ಕಾಯಿಸಿ ಬುಡಕ್ಕೆ ಹಾಕುತ್ತಿದ್ದೆ. ಹೇನು ಹತ್ತಿದ ಕುಡಿಗೆ ಒಲೆಬೂದಿ ಎರಚುತ್ತಿದ್ದೆ. ಸಂಜೆ ರಾಗಿಹುಲ್ಲು ಹೊದಿಸಿ, ಅದರ ಮೇಲೆ ನನ್ನ ಎರಡು ಹಳೇ ಸೀರೆ ಹೊದಿಸುತ್ತಿದ್ದೆ. ಪಕ್ಕದ ಮನೆಯ ಲಿಂಗಮ್ಮ ಬಾಗಿಲಲ್ಲಿ ನಿಂತು, "ತೊಟ್ಟಿಲು ಕಟ್ಟಿ ಜೋಗುಳನೂ ಹಾಡಿಬುಡು" ಎಂದು ಕೀಟಲೆ ಮಾಡುತ್ತಿದ್ದಳು. ಹಾಡಿದರೆ ಹೂ ಬಿಡುತ್ತದೆ ಅಂದರೆ ಅದನ್ನೂ ಹಾಡುತ್ತಿದ್ದೆ.

ಆಮೇಲೆ ಆ ತಪ್ಪು ಆಯಿತು. ಗಾಣದ ಬೀದಿಯ ಸರದಿಯ ದಿನ ಆ ಬೀದಿಯ ಒಬ್ಬಳು ನನ್ನ ಕಾಲಬೆರಳಿನ ಮಣ್ಣು ನೋಡಿ, "ಓಣಿಯವರಿಗೆ ಗಿಡ ಬೇರೆ ಕೇಡು" ಎಂದಳು. ನನಗೆ ರೇಗಿತು. ಅವಳ ಏಳು ತಲೆಮಾರು ಜಾಲಾಡಿ, ಚಾಪೆ ಸುತ್ತಿಕೊಂಡು ದುರ್ದಾನ ತೆಗೆದುಕೊಂಡವಳ ಹಾಗೆ ನಡೆದುಬಿಟ್ಟೆ. ಓಣಿಗೆ ಬಂದು, ಹೇನು ತೆಗೆಯೋಣ ಎಂದು ಗಿಡದ ಪಕ್ಕ ಚಾಪೆ ಬಿಚ್ಚಿದರೆ, ಅದರೊಳಗಿಂದ ಬಿಸಿಲು ಹೊರಗೆ ಬಿತ್ತು. ಚಾಪೆಯಗಲ, ಹಳದಿ, ಬೆಚ್ಚಗೆ. ಒಂದು ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ನೆಲದ ಮೇಲಿದ್ದು ಇಂಗಿಹೋಯಿತು. ಆಗಲೇ ನೆನಪಾದದ್ದು, ನಾನು ಚಾಪೆ ಕೊಡವಿರಲಿಲ್ಲ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮಾರನೇ ಬೆಳಿಗ್ಗೆ ಆ ಬಿಸಿಲು ಬಿದ್ದಿದ್ದ ಮೂರು ಗಿಡಗಳು ಎಲೆ ಎತ್ತಿ ನಿಂತಿದ್ದವು. ಹೆದರಿಕೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಹೊನ್ನಮ್ಮನ ಹತ್ತಿರ ಓಡಿದೆ. "ಇವತ್ತಿಂದು ತಂದು ನಿನ್ನ ಕಾಲ ಮೇಲೆ ಹಾಸ್ತೀನಿ" ಎಂದೆ.

"ನಂಗೆ ಬ್ಯಾಡ."

"ಯಾಕೆ? ಧರ್ಮರಾಯನ ಮಗಳಾ ನೀನು?"

"ಎಲೆ ಅಡಿಕೆ ಅಗಿಯೋಷ್ಟು ಹೊತ್ತಿನ ಬಿಸಿಲು ತಗಂಡು ನಾನೇನು ಮಾಡ್ಲಿ? ಕಾಲು ಬೆಚ್ಚಗಾಗೋದ್ರೊಳಗೆ ಆರೋಗುತ್ತೆ. ನಂಗೆ ಸರದಿ ಬೇಕು, ನಮ್ಮ ಬಾಗಿಲಿಗೆ. ಗಿಡಕ್ಕಾಕು."

ಕದ್ದು ತಂದ ಬಿಸಿಲನ್ನು ಅವಳ ಬಾಗಿಲ ಮುಂದೆ ದಾಟಿಸಿಕೊಂಡು ಹೋಗಿ ಗಿಡಕ್ಕೆ ಹಾಕುವಾಗ ನನಗೆ ಎಷ್ಟು ಸಂಕಟವಾಗುತ್ತಿತ್ತು ಎಂದು ಯಾರಿಗೆ ಹೇಳಲಿ? ಒಳಗಿನಿಂದ ಅವಳು ದಿನಾ ಕೇಳುತ್ತಿದ್ದಳು, ಎಷ್ಟು ಕುಡಿ ಬಂತು, ಮೊಗ್ಗು ಕಾಣಿಸಿತಾ ಎಂದು. ಹನ್ನೊಂದು ದಿನಕ್ಕೆ ಗಿಡದ ತುದಿಯಲ್ಲಿ ಗೆರೆ ಹಾಕಿದ ಹಾಗೆ ಮೊಗ್ಗಿನ ಕಡ್ಡಿ ಕಾಣಿಸಿತು.

ಆವತ್ತು ಕಂಚುಗಾರರ ಬೀದಿಯ ಸರದಿ. ನಾನು ಸಿದ್ದಗಂಗಕ್ಕನ ಜಗುಲಿಯಲ್ಲಿ ಕೂತು ಮಧ್ಯಾಹ್ನ ಎದ್ದೆ. ನಾನು ಬಿಟ್ಟ ಜಾಗದಲ್ಲಿ ಅವಳು ತೊಳೆದ ರಾಗಿ ಹರವಿದಳು. ಸಂಜೆಗೆ ಸುತ್ತಲಿನದೆಲ್ಲ ಒಣಗಿದೆ, ನಡುವೆ ಮಾತ್ರ ಒಂದು ಚಾಪೆಯಗಲ ತೊಪ್ಪೆ. ಅದನ್ನು ಹಾಗೇ ಬಾಚಿ ಮಡಕೆಗೆ ತುಂಬಿದ್ದಾಳೆ, ಎರಡನೇ ದಿನಕ್ಕೆ ಮುಗ್ಗು ವಾಸನೆ. ಸಿದ್ದಗಂಗಕ್ಕ ದಡ್ಡಿಯಲ್ಲ. ಒಂಬತ್ತು ದಿನಕ್ಕೆ ಸಂಕ್ರಾಂತಿ ಅನ್ನುವಾಗ ಮರಿಸ್ವಾಮಣ್ಣನನ್ನು ಕರೆದುಕೊಂಡು ನಮ್ಮ ಓಣಿಗೆ ಬಂದಳು. ಅವನು ಗಿಡ ನೋಡಿದ, ಗಿಡದ ಬುಡದಲ್ಲಿ ಬಿಚ್ಚಿದ್ದ ಚಾಪೆ ನೋಡಿದ.

"ಇದೇನು ತಾಯಮ್ಮ, ನೀನಾ ಹಿಂಗ್ ಮಾಡೋದು?"

"ನಾನೇ. ಚಾಪೆಯಗಲ ಕದ್ದೆ. ನೀವು ಏಳು ಮನೆ ಬಿಸಿಲನ್ನ ನಿಮ್ಮ ಮುತ್ತಾತನ ಕಾಲದಿಂದ ಕದ್ದಿದ್ದೀರ. ನಿಮ್ಮ ಚಾಪೆ ಯಾರು ಕೊಡವಬೇಕು?"

ಉತ್ತರ ಬರದವರು ಮಾಡುವುದನ್ನೇ ಅವನೂ ಮಾಡಿದ, ನನ್ನ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಚಾಪೆ ಇಲ್ಲದವರಿಗೆ ಯಾವ ಬೀದಿಯಲ್ಲೂ ಬಿಸಿಲಿಲ್ಲ. ಸಿದ್ದಗಂಗಕ್ಕನಿಗೆ ಅವಳ ರಾಗಿಗೆ ಬದಲು ನಮ್ಮ ರಾಗಿ ಅಳೆದು ಕೊಟ್ಟೆ. ಆ ತಪ್ಪು ನನ್ನದೇ. ಅವಳು ಸೆರಗಿಗೆ ಹಾಕಿಸಿಕೊಂಡು, ಗಿಡದ ಕಡೆ ಇನ್ನೊಂದು ಸಲ ನೋಡಿ ಹೋದಳು. ಲಿಂಗಮ್ಮ ನನ್ನ ಹತ್ತಿರ ಬಂದು, "ನನ್ ಚಾಪೇಲಿ ತರ್ಲಾ ತಾಯಕ್ಕ?" ಎಂದಳು. ಅವಳಿಗೆ ಮೂರು ತಿಂಗಳ ಕೂಸಿದೆ. ಬೇಡ, ಓಣಿಯಲ್ಲಿ ಒಂದು ಚಾಪೆ ಹೋದದ್ದು ಸಾಕು ಎಂದೆ.

ಆಮೇಲಿನ ದಿನಗಳಲ್ಲಿ ನಾನು ಮಾಡದ ಉಪಾಯವಿಲ್ಲ. ಬೂದಿ ಹಾಕಿದೆ, ಬಿಸಿನೀರು ಹಾಕಿದೆ, ಅಗ್ಗಿಷ್ಟಿಕೆಯನ್ನೇ ಗಿಡದ ಪಕ್ಕಕ್ಕೆ ತಂದಿಟ್ಟೆ. ಹೊನ್ನಮ್ಮ ಬರೀ ಕಂಬಳಿ ಹೊದ್ದು ಒಳಗೆ ನಡುಗುತ್ತ, ಇನ್ನೂ ಹತ್ತಿರಕ್ಕಿಡು, ಗಿಡ ಸುಡದ ಹಾಗೆ ಇಡು ಎಂದು ಅಲ್ಲಿಂದಲೇ ಯಜಮಾನಿಕೆ ಮಾಡಿದಳು. ಮೊಗ್ಗು ಬಿಗಿದುಕೊಂಡೇ ಇದ್ದವು. ಸಂಕ್ರಾಂತಿಗೆ ಎರಡು ದಿನ ಇರುವಾಗ ಬೆಳಿಗ್ಗೆ ನೋಡಿದರೆ ಆರೇಳು ಮೊಗ್ಗು ಉದುರಿ ಬಿದ್ದಿವೆ. ನಾನು ಅಡಿಗೆಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಗಂಡ ಸತ್ತಾಗಲೂ ಜನ ಇದ್ದಾರೆಂದು ಅಷ್ಟು ಅತ್ತವಳಲ್ಲ.

"ಅಳ್ತಾ ಇದ್ದೀಯ?" ಒಳಮನೆಯಿಂದ ಹೊನ್ನಮ್ಮ ಕೇಳಿದಳು.

"ಇಲ್ಲ. ಸೌದೆ ಹಸಿ, ಹೊಗೆ."

"ಹೊಗೆ ಸಾಕು. ಅಟ್ಟದ ಮೇಲೆ ನನ್ನ ಚಾಪೆ ಐತಲ್ಲ, ಇಳಸು."

"ಯಾಕೆ? ಎಲ್ಲಿಗೆ ಹೋಗ್ತೀಯ ನೀನು?"

"ಆವತ್ತು ನಾನು ಬಿದ್ದ ಗಡಿಬಿಡೀಲಿ ಅದನ್ನ ಯಾರೂ ಕೊಡವಲಿಲ್ಲ ಕಣತ್ತಿಗೆ."

ನಾನು ಎದ್ದು ಅವಳ ಬಾಗಿಲಿಗೆ ಬಂದು ನಿಂತೆ. ಸಿದ್ದಗಂಗಕ್ಕನ ಜಗುಲಿಯ ಆ ಮೂಲೆ ನಾಲ್ಕು ವರ್ಷದಿಂದ ಯಾಕೆ ತಣ್ಣಗಿದೆ ಎಂದು ಆಗ ತಿಳಿಯಿತು. ಒಂದು ಇಡೀ ಬೆಳಗಿನ ಬಿಸಿಲು ನಮ್ಮ ಅಟ್ಟದ ಮೇಲೆ, ಹಳೇ ಒರಳು ಮಂಕರಿಗಳ ಮಧ್ಯೆ ಬಿದ್ದಿತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಆವತ್ತೇ. ಪಕ್ಕದಲ್ಲಿಟ್ಟಿದ್ರಲ್ಲ, ಸುರುಳಿಯೊಳಗೆ ಬೆರಳು ತೂರಿಸಿದೆ, ಬೆಚ್ಚಗಿತ್ತು. ಅದಕ್ಕೇ ಅಟ್ಟಕ್ಕಾಕು ಅಂದಿದ್ದು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಾಕು ಮಾಗಿ ಹಲ್ಲು ಕಚ್ಕಂಡು ನರಳಿದ್ಯಲ್ಲೇ. ಒಂದು ದಿನನಾದ್ರೂ ಹಾಸ್ಕಬಾರದಿತ್ತಾ?"

"ಹಾಸ್ಕಂಡಿದ್ರೆ ಒಂದೇ ದಿನಕ್ಕೆ ಮುಗೀತಿತ್ತು. ಮನೇಲಿ ಐತೆ ಅಂತ ಇದ್ರೆ ಎಷ್ಟು ಚಳಿನಾದ್ರೂ ತಡೀಬೋದು." ಕಂಬಳಿಯೊಳಗಿಂದ ಬಿಗಿದುಕೊಂಡ ಕೈ ಹೊರಗೆ ತೆಗೆದಳು. "ಏಳ್ಸು ನನ್ನ. ಗಿಡದಗಂಟ ನಡೀತೀನಿ. ಅದನ್ನ ಬಿಚ್ಚೋಳು ನಾನೇ."

ಬಾಗಿಲಿನಿಂದ ಗಿಡಕ್ಕೆ ನಲವತ್ತು ಹೆಜ್ಜೆ. ನನ್ನ ಹೆಗಲಿಗೆ ಭಾರ ಬಿಟ್ಟು, ನಾನು ಸರಿಯಾಗಿ ಹಿಡಿಯುತ್ತಿಲ್ಲ ಎಂದು ಬೈಯುತ್ತ, ಹೆಜ್ಜೆಗೊಮ್ಮೆ ನಿಂತು ನಡೆದಳು. ಓಣಿಯ ಏಳು ಮನೆಯವರೂ ಬಾಗಿಲಿಗೆ ಬಂದು ನಿಂತರು. ಅವಳ ಬೆರಳು ಚಾಪೆಯ ಅಂಚು ಹಿಡಿಯಲಿಲ್ಲ. ಅವಳ ಅಂಗೈ ಮೇಲೆ ನನ್ನ ಅಂಗೈ ಇಟ್ಟು ಇಬ್ಬರೂ ಸೇರಿ ಉರುಳಿಸಿದೆವು. ಮೊದಲು ನಾಲ್ಕು ವರ್ಷದ ಹಿಂದಿನ ಕಡಲೆಕಾಯಿ ಸಿಪ್ಪೆ ಉದುರಿತು. ಹಿಂದೆಯೇ ಬಿಸಿಲು ಬಂತು. ನಾನು ತರುತ್ತಿದ್ದ ಚೂರುಪಾರಲ್ಲ ಅದು. ಅಟ್ಟದ ಮೇಲೆ ಉಪ್ಪಿನಕಾಯಿಯ ಹಾಗೆ ಕಳಿತು ಗಟ್ಟಿಯಾಗಿತ್ತು, ಗಿರಣಿ ಗೋಡೆಯ ಮೇಲೆ ಆಳೆತ್ತರ ಹತ್ತಿತು. ದೀಪ ಹಚ್ಚುವ ಹೊತ್ತಿನವರೆಗೂ ಆರಲಿಲ್ಲ. ಲಿಂಗಮ್ಮ ಕೂಸಿನ ಬಟ್ಟೆ ಬಿಚ್ಚಿ ಅಂಚಿನಲ್ಲಿ ಮಲಗಿಸಿದಳು. ಹೊನ್ನಮ್ಮ ಮಾತ್ರ ಹಟ ಹಿಡಿದು ಬಿಸಿಲಿನ ಆಚೆಗೆ ಕೂತಳು, ಎಲ್ಲ ಗಿಡಕ್ಕೇ ಎಂದು. ನಾನು ಹೇನು ತೆಗೆಯುವ ನೆಪದಲ್ಲಿ ಚಾಪೆಯ ಒಂದು ಮೂಲೆಯನ್ನು ಅವಳ ಮಂಡಿಯ ಕಡೆಗೆ ಎಳೆದೆ. ಅವಳು ನೋಡಿದಳು, ನೋಡದವಳ ಹಾಗೆ ಮುಖ ತಿರುಗಿಸಿದಳು.

ಸಂಕ್ರಾಂತಿಯ ಬೆಳಿಗ್ಗೆ ಅವರೆಯಲ್ಲಿ ಐದು ಹೂವಿದ್ದವು. ಬಿಳಿ ಹೂವು, ಸಣ್ಣವು, ಆದರೆ ಹೂವು. ಮರಿಸ್ವಾಮಣ್ಣ ತಮಟೆ ಹಿಡಿದು ಬಂದ, ಅವನ ಹಿಂದೆ ಊರಿನ ಅರ್ಧ ಜನ ಬಂದರು. ಅವನು ಬಗ್ಗಿ ನೋಡಿದ, ಮಣ್ಣು ಕೆದಕಿ ಬೇರು ನೋಡಿದ.

"ಹೂವು ಸರಿ. ಆದ್ರೆ ಕದ್ದ ಬಿಸಿಲಿನ ಹೂವು. ಹೆಂಗೆ ಒಪ್ಪಲಿ?"

ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದ ಹೊನ್ನಮ್ಮ ಕೇಳಿದಳು, "ನಿನ್ನ ಕಟ್ಟಳೇಲಿ ಹೂವು ಅಂತ ಐತೋ, ಯಾವ ಬಿಸಿಲಿನ ಹೂವು ಅಂತ ಐತೋ?"

ಅವನು ಗೊಣಗಿದ. ಗುಂಪಿನಲ್ಲಿ ಯಾರೋ ಕಳ್ಳತನ ಕಳ್ಳತನವೇ ಎಂದರು. ಆಗ ಸಿದ್ದಗಂಗಕ್ಕ ಮುಂದೆ ಬಂದಳು. ಆವತ್ತು ಅವಳ ಬೀದಿಯದೇ ಸರದಿ. ಜಗುಲಿಯಲ್ಲಿ ಜನರನ್ನು ಬಿಟ್ಟು ಬಂದಿದ್ದಳು. ಇವಳೊಬ್ಬಳು ಬಾಕಿ ಇದ್ದಳು ಎಂದುಕೊಂಡೆ.

"ಹೊನ್ನಮ್ಮ ಬಿದ್ದ ಜಾಗ ಇವತ್ತು ಬೆಚ್ಚಗೈತೆ ಮರಿಸ್ವಾಮಣ್ಣ. ನಾಕು ವರ್ಷಕ್ಕೆ ಇವತ್ತು ನಮ್ಮ ಬೆಕ್ಕು ಅಲ್ಲಿ ಮಲಗೈತೆ, ಬೇಕಾದ್ರೆ ಬಂದು ನೋಡು. ನಮ್ಮ ಬಿಸಿಲು ನಮಗೆ ಬಂದಾಯ್ತು. ಕಳಕೊಂಡೋಳೇ ಸಾಕು ಅಂದ್ಮೇಲೆ ನಿಂದೇನು?"

ಮರಿಸ್ವಾಮಣ್ಣ ಸ್ವಲ್ಪ ಹೊತ್ತು ಗಿಡ ನೋಡಿದ, ಹೊನ್ನಮ್ಮನ ಕೈ ನೋಡಿದ. ತಮಟೆ ಬಡಿದ. ನಮ್ಮ ಓಣಿಯಲ್ಲಿ ಆ ಸದ್ದನ್ನು ಅಷ್ಟು ಹತ್ತಿರದಿಂದ ನಾನು ಕೇಳಿರಲೇ ಇಲ್ಲ. ಹೋಗುವಾಗ ನನ್ನ ಚಾಪೆಯನ್ನು ಬಾಗಿಲಿಗೆ ಒರಗಿಸಿ ಹೋದ.

ಹನ್ನೊಂದನೇ ದಿನ ಬಿಸಿಲು ಓಣಿಗೆ ಬಂತು. ತಾನಾಗಿಯೇ ಬಂತು, ಯಾರೂ ಹೊತ್ತು ತರಲಿಲ್ಲ. ನಾವು ಏಳು ಮನೆಯವರು ಗುಡಿಸಿ, ಸಾರಿಸಿ, ರಂಗೋಲಿ ಹಾಕಿ ನಿಂತೆವು. ಊರಿಗೆ ಊರೇ ಚಾಪೆ ಹಿಡಿದು ಬಂತು. ಗಾಣದ ಬೀದಿಯ ಆ ಮಹಾತಾಯಿಯೂ ಬಂದಳು. ಬೀದಿಯವರು ಬಂದರು, ಸರಿದುಕೊಳ್ಳಿ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಹೊನ್ನಮ್ಮ ಹೊಸಿಲಿನ ಮುಂದೆ ಕಾಲು ಚಾಚಿ ಕೂತಳು. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ, "ಏನು ಉರಿ ಇದು. ಸ್ವಲ್ಪ ಆ ಕಡೆ ಎಳಿ ನನ್ನ" ಎಂದಳು. ಎಳೆಯಲಿಲ್ಲ ನಾನು. ಮಧ್ಯಾಹ್ನದ ಹೊತ್ತಿಗೆ ಅವಳ ಹೆಬ್ಬೆರಳು ಬಿಚ್ಚಿತು. ಮುತ್ತುಗದ ಎಲೆ ಕೇಳಿದಳು.

ಜನ ಒಬ್ಬೊಬ್ಬರಾಗಿ ಎದ್ದು ಚಾಪೆ ಕೊಡವಿ ಹೊರಟರು. ಕೆರೆಯ ಆಚೆಯ ಗುಡಿಸಲಿನಿಂದ ಬಂದಿದ್ದ ಒಬ್ಬಳು ಅವರೆ ಮಡಿಯ ಪಕ್ಕ ಕೂತಿದ್ದಳು. ಕೆರೆಯಾಚೆಗೂ ಸರದಿ ಇಲ್ಲ. ಅವಳು ಎದ್ದು, ಅತ್ತ ಇತ್ತ ನೋಡಿ, ಚಾಪೆಯನ್ನು ಕೊಡವದೆ ಬಿಗಿಯಾಗಿ ಸುತ್ತಿಕೊಂಡಳು. ನನ್ನ ಕಣ್ಣಿಗೆ ಬಿದ್ದಳು. ನಾನು ಬಗ್ಗಿ ಎಲೆಯ ಹಿಂದಿನ ಹೇನು ತೆಗೆಯತೊಡಗಿದೆ. ಅವಳು ಓಣಿಯ ಬಾಯಿ ದಾಟಿ ಹೋದ ಮೇಲೆ ಮರಿಸ್ವಾಮಣ್ಣ ಜಗುಲಿಗಳನ್ನು ನೋಡುತ್ತ ಆ ಕಡೆಯಿಂದ ಬಂದ.

"ಎಲ್ಲಾರೂ ಕೊಡವಿದ್ರಾ ತಾಯಮ್ಮ?"

"ಕೊಡವಿದ್ರು ಕಣಣ್ಣ."

ಅವಳು ಕೂತಿದ್ದ ಜಾಗದಲ್ಲಿ ಪಾದ ಇಟ್ಟು ನೋಡಿದೆ, ಚಾಪೆಯಗಲ ತಣ್ಣಗಿತ್ತು. ನನ್ನ ಚಾಪೆಯನ್ನು ಅಲ್ಲಿಗೆ ಎಳೆದುಕೊಂಡು, ಅದರ ಮೇಲೆ ಕೂತೆ.